ಫರ್ನ್ ನೋಡಲು ಯಾವ ಭೂತಗನ್ನಡಿ? ಕೊಡಗಿನ ಮಳೆಗೆ ತಾಳುವ 10ಎಕ್ಸ್ ಟ್ರಿಪ್ಲೆಟ್ ಲೂಪ್

ಕೊಡಗಿನಲ್ಲಿ ಫರ್ನ್ ಇಲ್ಲದ ಜಾಗ ಹುಡುಕುವುದೇ ಕಷ್ಟ. ರಸ್ತೆಯ ಬರೆ, ತೋಡಿನ ದಂಡೆ, ಕಾಫಿ ಗಿಡದ ಬುಡ, ಹಲಸಿನ ಕವಲು, ಹಳೆಯ ಕಲ್ಲುಗೋಡೆಯ ಸಂದು, ಎಲ್ಲೆಡೆ ಒಂದಲ್ಲ ಒಂದು ಜರೀಗಿಡ ಇದ್ದೇ ಇರುತ್ತದೆ. ಆದರೆ ಮೇಲಿಂದ ನೋಡಿದರೆ ಹತ್ತರಲ್ಲಿ ಏಳು ಒಂದೇ ಗಿಡದಂತೆ ಕಾಣುತ್ತವೆ. ಫರ್ನಿನ ಗುರುತು ಇರುವುದು ಎಲೆಯ ಅಡಿಯಲ್ಲಿ, ಒಂದೆರಡು ಮಿಲಿಮೀಟರ್ ಅಗಲದ ಕಂದು ಚುಕ್ಕೆಗಳಲ್ಲಿ. ಅದನ್ನು ಓದಲು ಒಳ್ಳೆಯ ಕೈ ಭೂತಗನ್ನಡಿ, ಅಂದರೆ ಲೂಪ್, ಬೇಕೇ ಬೇಕು. ತೀರ್ಪನ್ನು ಮೊದಲೇ ಹೇಳುವುದಾದರೆ: ಮಡಚುವ, ಗಾಜಿನ, ಮೂರು ಮಸೂರ ಅಂಟಿಸಿದ 10ಎಕ್ಸ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ) ಟ್ರಿಪ್ಲೆಟ್ ಕೊಳ್ಳಿ. ಅದು ಕೈಗೆ ಒಗ್ಗಿದ ಮೇಲೆ ಬೇಕಾದರೆ 20ಎಕ್ಸ್. ಆನ್‌ಲೈನ್‌ನಲ್ಲಿ ‘30ಎಕ್ಸ್, 21 ಮಿ.ಮೀ., ಎಲ್‌ಇಡಿ ಸಹಿತ’ ಎಂದು ಮೂರಂಕಿ ಬೆಲೆಗೆ ಸಿಗುವ ಆಭರಣದಂಗಡಿ ಮಾದರಿಯದ್ದನ್ನು ಈ ಕೆಲಸಕ್ಕೆ ಕೊಳ್ಳಬೇಡಿ.

ಯಾಕೆ ಬೇಡ ಎನ್ನುವುದಕ್ಕೆ ಸರಳ ಲೆಕ್ಕವಿದೆ. ಭೂತಗನ್ನಡಿಯ ಪಟ್ಟು ತಿಳಿಯಲು 250 ಮಿ.ಮೀ.ಯನ್ನು ಅದರ ಸಂಗಮದೂರದಿಂದ, ಅಂದರೆ ದೂರದ ವಸ್ತುವಿನ ಬಿಂಬ ಮಸೂರದಿಂದ ಎಷ್ಟು ಅಂತರದಲ್ಲಿ ಮೂಡುತ್ತದೋ ಅದರಿಂದ, ಭಾಗಿಸಬೇಕು. 10ಎಕ್ಸ್ ಆದರೆ ಸಂಗಮದೂರ 25 ಮಿ.ಮೀ., 20ಎಕ್ಸ್ ಆದರೆ 12.5, 30ಎಕ್ಸ್ ಆದರೆ 8.3. ಈಗ 21 ಮಿ.ಮೀ. ಅಗಲದ ಸಾಮಾನ್ಯ ಗಾಜಿನ ಮಸೂರವನ್ನು ಎಷ್ಟೆಂದು ಉಬ್ಬಿಸಬಹುದು? ಪೂರ್ತಿ ಉಬ್ಬಿಸಿ ಗೋಲಿಯನ್ನೇ ಮಾಡಿದರೂ ಅದರ ಸಂಗಮದೂರ ಸುಮಾರು 16 ಮಿ.ಮೀ.ಗಿಂತ ಕೆಳಗೆ ಇಳಿಯದು, ಪಟ್ಟು 16ರ ಹತ್ತಿರ ನಿಲ್ಲುತ್ತದೆ. ಹಾಗಿರುವಾಗ ಅಷ್ಟೇ ಅಗಲದ, ಗೋಲಿಗಿಂತ ಎಷ್ಟೋ ಚಪ್ಪಟೆಯಾದ ಒಂಟಿ ಮಸೂರ 30 ಪಟ್ಟು ತೋರಿಸುವುದು ಸಾಧ್ಯವೇ ಇಲ್ಲ. ಡಬ್ಬಿಯ ಮೇಲಿನ ಸಂಖ್ಯೆ ಸುಳ್ಳು.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಬಾಗಿಲಿನಿಂದ ಒಳಗೆ ನಿಂತು ಬಿಳಿ ಕಾಗದ ಹಿಡಿದು, ಲೂಪನ್ನು ಅದರ ಮುಂದೆ ಹಿಂದೆ ಮುಂದೆ ಸರಿಸಿ, ಹೊರಗಿನ ದೂರದ ಮರದ ಬಿಂಬ ಚೊಕ್ಕವಾಗಿ ಮೂಡುವಲ್ಲಿ ನಿಲ್ಲಿಸಿ. ಮಸೂರದ ನಡುವಿನಿಂದ ಕಾಗದಕ್ಕೆ ಎಷ್ಟು ಮಿ.ಮೀ. ಎಂದು ಸ್ಕೇಲಿನಲ್ಲಿ ಅಳೆಯಿರಿ, 250ನ್ನು ಅದರಿಂದ ಭಾಗಿಸಿ. ಸೂರ್ಯನ ಬಿಂಬ ಮಾತ್ರ ಹಿಡಿಯಬೇಡಿ, ಕಾಗದ ಸುಡುತ್ತದೆ, ಕಣ್ಣಿಗೂ ಅಪಾಯ. ಎರಡನೆಯ ಪರೀಕ್ಷೆ ಗ್ರಾಫ್ ಹಾಳೆಯದು. ಒಳ್ಳೆಯ ಟ್ರಿಪ್ಲೆಟ್‌ನಲ್ಲಿ ಮಿಲಿಮೀಟರ್ ಗೆರೆಗಳು ಅಂಚಿನವರೆಗೂ ನೆಟ್ಟಗೇ ಇರುತ್ತವೆ. ಒಂಟಿ ಮಸೂರದಲ್ಲಿ ನಡುವಿನ ನಾಲ್ಕೈದು ಚೌಕ ಬಿಟ್ಟರೆ ಉಳಿದವು ಬಾಗಿ ಮಸುಕಾಗುತ್ತವೆ, ಕಪ್ಪು ಅಕ್ಷರದ ಸುತ್ತ ನೇರಳೆ, ಹಳದಿ ಅಂಚು ಕಾಣುತ್ತದೆ. ಫರ್ನಿನಲ್ಲಿ ಈ ಬಣ್ಣದಂಚು ಬರೀ ಅಂದಗೆಡಿಸುವುದಲ್ಲ. ಎಲೆಯಡಿಯ ಆ ಕಂದು ಚುಕ್ಕೆಯ, ಅಂದರೆ ಸೋರಸ್ಸಿನ, ಮೇಲಿನ ಪೊರೆ ಬಹಳ ತೆಳು, ಅರೆಪಾರದರ್ಶಕ. ಬಣ್ಣದಂಚಿನ ನಡುವೆ ಆ ಪೊರೆ ಇದೆಯೋ ಇಲ್ಲವೋ ಎಂದೇ ತಿಳಿಯುವುದಿಲ್ಲ, ಗಿಡದ ಹೆಸರು ತಪ್ಪುವುದು ಅಲ್ಲೇ.

ಟ್ರಿಪ್ಲೆಟ್‌ನಲ್ಲಿ ನಡುವೆ ಒಂದು ಬಗೆಯ ಗಾಜು, ಎರಡು ಬದಿಗೆ ಇನ್ನೊಂದು ಬಗೆಯ ಗಾಜು ಅಂಟಿಸಿರುತ್ತಾರೆ. ಒಂದು ಗಾಜು ಮಾಡಿದ ಬಣ್ಣದ ಚೆದುರನ್ನು ಇನ್ನೊಂದು ಸರಿಪಡಿಸುತ್ತದೆ. ಬೆಲಾರೂಸ್‌ನ ಬೆಲೋಮೋ 10ಎಕ್ಸ್ ಈ ವರ್ಗದಲ್ಲಿ ಬಹುಕಾಲದಿಂದ ಹೆಸರು ಮಾಡಿದ್ದು. ಬೆಲೆ ನಾಲ್ಕಂಕಿಯದು, ಆದರೆ ತೇವದಿಂದ ಕಾಪಾಡಿಕೊಂಡರೆ ಒಂದೇ ಸಲ ಕೊಳ್ಳುವ ವಸ್ತು. ‘ಟ್ರಿಪ್ಲೆಟ್’ ಎಂದು ಹೊರಮೈ ಮೇಲೆ ಬರೆದಿದ್ದರೂ ಮೇಲಿನ ಎರಡು ಪರೀಕ್ಷೆ ಬಿಡಬೇಡಿ.

ಹಿಡಿಯುವ ಕ್ರಮ ತಪ್ಪಿದರೆ ಎಂಥ ಒಳ್ಳೆಯ ಲೂಪೂ ಕೆಲಸಕ್ಕೆ ಬಾರದು. ಬಹಳ ಮಂದಿ ಅದನ್ನು ಪೊಲೀಸರ ಭೂತಗನ್ನಡಿಯಂತೆ ಎಲೆಯ ಮೇಲೆ ಹಿಡಿದು ದೂರದಿಂದ ಇಣುಕುತ್ತಾರೆ, ಆಗ ಕಾಣುವುದು ಒಂದು ಬಟಾಣಿಯಷ್ಟು ಜಾಗ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತನ್ನಿ, ಹಿಡಿದ ಕೈಯ ಬೆರಳು ಕೆನ್ನೆಗೆ ಊರಲಿ. ಅಲ್ಲಿಂದ ಲೂಪ್ ಕದಲಬಾರದು. ಎಲೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಧಾನಕ್ಕೆ ಹತ್ತಿರ ತನ್ನಿ, ಸುಮಾರು ಎರಡೂವರೆ ಸೆಂ.ಮೀ.ಗೆ ಬಂದಾಗ ಚೊಕ್ಕವಾಗಿ ಕಾಣುತ್ತದೆ. ಎರಡು ಕೈಗಳ ಬೆರಳೂ ಪರಸ್ಪರ ತಾಗಿರಲಿ, ನಡುಕ ನಿಲ್ಲುತ್ತದೆ. ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಬಹುದು, ಕಾಣುವ ವಲಯ ಕೊಂಚ ಕಿರಿದಾಗುತ್ತದೆ ಅಷ್ಟೇ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಎಲ್‌ಇಡಿ ಇರುವ ಲೂಪ್‌ಗಳ ದೊಡ್ಡ ಕೊರತೆಯೇ ಇದು: ಬೆಳಕು ನೇರ ಎದುರಿನಿಂದ ಬಿದ್ದು ಉಬ್ಬುತಗ್ಗು ಅಳಿಸಿ ಹೋಗುತ್ತದೆ, ಒದ್ದೆ ಎಲೆ ಬರೀ ಹೊಳೆಯುತ್ತದೆ. ಕಾಡಿನ ಕತ್ತಲಲ್ಲಿ ಬೆಳಕು ಸಾಲದಿದ್ದರೆ ಚಿಕ್ಕ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

20ಎಕ್ಸ್ ಯಾಕೆ ಮೊದಲು ಬೇಡವೆಂದರೆ, ಎಲೆ ಕೇವಲ 12 ಮಿ.ಮೀ. ದೂರಕ್ಕೆ ಬರಬೇಕು. ನಿಮ್ಮ ಹಣೆಯ ನೆರಳೇ ಅದರ ಮೇಲೆ ಬೀಳುತ್ತದೆ, ಎಲೆಯ ನೀರು ಗಾಜಿಗೆ ತಾಗುತ್ತದೆ, ಕೂದಲೆಳೆಯಷ್ಟು ಸರಿದರೂ ಮಸುಕು. ಅದು ಮೇಜಿನ ಮೇಲೆ, ಕಿಟಕಿ ಬದಿಯಲ್ಲಿ ಬಳಸುವಂಥದ್ದು.

ಇನ್ನು 10ಎಕ್ಸ್‌ನಲ್ಲಿ ಏನೇನು ಕಾಣುತ್ತದೆ ಎನ್ನುವುದು. ಈ ಉಪಕರಣದ ಬೆಲೆ ಹುಟ್ಟುವುದು ಅಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ.

ಎಲೆಯಡಿಯ ಪ್ರತಿ ಚುಕ್ಕೆಯೂ ಒಂದು ಸೋರಸ್, ಬೀಜಕಕೋಶಗಳ ಗುಂಪು. ಬೀಜಕವೆಂದರೆ ಫರ್ನ್ ಬೀಜದ ಬದಲು ಉದುರಿಸುವ ಹುಡಿಯಂಥ ಕಣ (ಸ್ಪೋರ್), ಅದು ತುಂಬಿರುವ ಪುಟ್ಟ ಚೀಲ ಬೀಜಕಕೋಶ. ನೋಡಬೇಕಾದ್ದು ಮೂರು: ಚುಕ್ಕೆಯ ಆಕಾರ, ಅದು ನರದ ಮೇಲೆ ಎಲ್ಲಿದೆ, ಮೇಲೆ ಮುಚ್ಚಳದಂಥ ಪೊರೆ ಇದೆಯೇ. ಕಲ್ಲುಗೋಡೆಗಳಲ್ಲಿ ಬೆಳೆಯುವ ನೆಫ್ರೊಲೆಪಿಸ್‌ನಲ್ಲಿ ಪೊರೆ ಮೂತ್ರಪಿಂಡದ ಆಕಾರ. ದಾರಿಬದಿಯ ಕ್ರಿಸ್ಟೆಲ್ಲದಲ್ಲೂ ಹೆಚ್ಚುಕಡಿಮೆ ಹಾಗೆಯೇ, ಆದರೆ ನರಗಳ ಮೇಲೆ ಚೂಪು ರೋಮ, ಮತ್ತು ಪಕ್ಕಪಕ್ಕದ ಎರಡು ಹಾಲೆಗಳ ಕೆಳನರಗಳು ಕೂಡಿಕೊಂಡು ನಡುವಿನ ಕಚ್ಚಿನ ಕಡೆಗೆ ಒಂದಾಗಿ ಓಡುತ್ತವೆ. ಈ ಕೂಡುನರ ಬರಿಗಣ್ಣಿಗೆ ಸಿಗುವುದಿಲ್ಲ, ಎಲೆಯನ್ನು ಬೆಳಕಿಗೆ ಎದುರು ಹಿಡಿದು ಲೂಪಿನಲ್ಲಿ ನೋಡಿದರೆ ಒಡನೆ ಸಿಗುತ್ತದೆ. ಆಸ್ಪ್ಲೀನಿಯಂನಲ್ಲಿ ಸೋರಸ್ ಗೀಟಿನಂತೆ ಉದ್ದ, ನರದ ಒಂದೇ ಮಗ್ಗುಲಿಗೆ. ಡಿಪ್ಲೇಜಿಯಂನಲ್ಲೂ ಗೀಟೇ, ಆದರೆ ಕೆಲವು ನರಗಳಲ್ಲಾದರೂ ಎರಡು ಮಗ್ಗುಲಿಗೂ ಬೆನ್ನಿಗೆ ಬೆನ್ನು ಕೊಟ್ಟಂತೆ ಜೋಡಿಯಾಗಿರುತ್ತದೆ. ಅಡಿಯಾಂಟಂನಲ್ಲಿ ಎಲೆಯ ಅಂಚೇ ಮಡಚಿ ಮುಚ್ಚಳವಾಗಿರುತ್ತದೆ. ಆ ಮಡಿಕೆಯನ್ನು ಸೂಜಿಯಲ್ಲಿ ಬಿಡಿಸಿದರೆ ಬೀಜಕಕೋಶಗಳು ಮಡಿಕೆಯ ಒಳಮೈಗೇ ಅಂಟಿರುವುದು ಕಾಣುತ್ತದೆ. ಟೆರಿಸ್‌ನಲ್ಲೂ ಅಂಚು ಮಡಚಿದ್ದರೂ ಕೋಶಗಳು ಎಲೆಗೆ ಅಂಟಿರುತ್ತವೆ, ಮಡಿಕೆಗಲ್ಲ. ಬರೆಗಳ ಮೇಲಿನ ಬೆಳ್ಳಿ ಫರ್ನ್, ಅಂದರೆ ಮಕ್ಕಳು ಕೈಮೇಲೆ ಒತ್ತಿ ಬಿಳಿ ಅಚ್ಚು ಮೂಡಿಸುವ ಪಿಟಿರೋಗ್ರಾಮ, ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯೂರಿದ್ದು. ಅದರ ಬಿಳಿ ಹುಡಿಯ ನಡುವೆ ಕಪ್ಪು ಕೋಶಗಳು ನರದುದ್ದಕ್ಕೂ, ಯಾವ ಪೊರೆಯೂ ಇಲ್ಲದೆ ಕೂತಿರುತ್ತವೆ.

ಚಿಕ್ಕ ಎಲೆ, ಬಲಿಯದ ಎಲೆ ತೆಗೆದುಕೊಂಡರೆ ಸೋರಸ್ಸೇ ಇರುವುದಿಲ್ಲ. ತೀರ ಹಳೆಯ ಎಲೆಯಲ್ಲಿ ಪೊರೆ ಉದುರಿ ಹೋಗಿ ‘ಪೊರೆ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಒಂದೇ ಗಿಡದಲ್ಲಿ ಮೂರು ವಯಸ್ಸಿನ ಎಲೆ ನೋಡುವುದು ಸರಿಯಾದ ಕ್ರಮ. ಮಳೆ ಇಳಿದ ಮೇಲೆ ವರ್ಷಾಂತ್ಯದವರೆಗೆ ಬಲಿತ ಸೋರಸ್ ಸುಲಭವಾಗಿ ಸಿಗುತ್ತದೆ.

ಮರದ ಮೇಲಿನ ಫರ್ನ್ ನೋಡಲು ಏಣಿ ಹಾಕಬೇಕಿಲ್ಲ. ತೋಟದಲ್ಲಿ ಮರ ಕಪಾತು ಆದ ದಿನ ಬಿದ್ದ ಕೊಂಬೆಗಳನ್ನು ನೋಡಿ. ಓಕ್ ಎಲೆಯಂಥ ಒಣ ತರಗು ಬುಡದಲ್ಲಿಟ್ಟುಕೊಂಡು ಕಸ ಕೂಡಿಸಿಕೊಳ್ಳುವ ಡ್ರೈನೇರಿಯ, ದಪ್ಪ ಎಲೆಯ ಪಿರ್ರೋಸಿಯ, ಉದ್ದ ಪಟ್ಟಿಯಂಥ ಲೆಪಿಸೋರಸ್, ಎಲ್ಲ ಕೈಗೆ ಸಿಗುತ್ತವೆ. ಪಿರ್ರೋಸಿಯದ ಎಲೆಯಡಿ ಲೂಪಿಗೆ ಹಬ್ಬ: ಕಂದು ತುಪ್ಪಳ ಎಂದುಕೊಂಡಿದ್ದು ಒಂದೊಂದೂ ಬಿಡಿಬಿಡಿ ನಕ್ಷತ್ರ. ಬಿಸಿಲಿನ ಕೊಂಬೆಯ ಮೇಲೆ ನೀರು ಆರದಂತೆ ಎಲೆಗೆ ಹೊದಿಕೆ ಅದು. ಮೋಡ ಮುಸುಕಿದ ಎತ್ತರದ ಕಾಡಿನ ಒದ್ದೆ ಬಂಡೆ, ಕಾಂಡಗಳ ಮೇಲಿನ ಪೊರೆಫರ್ನ್, ಅಂದರೆ ಹೈಮೆನೋಫಿಲ್ಲಂ, ಇದಕ್ಕೆ ನೇರ ವಿರುದ್ಧ. ನರ ಬಿಟ್ಟರೆ ಅದರ ಎಲೆ ಒಂದೇ ಜೀವಕೋಶದಷ್ಟು ತೆಳು. ಬೆಳಕಿಗೆ ಎದುರು ಹಿಡಿದರೆ 10ಎಕ್ಸ್‌ನಲ್ಲೇ ಜೀವಕೋಶಗಳು ಜೇನುಗೂಡಿನಂತೆ ಕಾಣತೊಡಗುತ್ತವೆ, 20ಎಕ್ಸ್‌ನಲ್ಲಿ ಸ್ಪಷ್ಟ. ಲೂಪಿನ ಗುಣಮಟ್ಟ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಕಾಡಿನಲ್ಲಿಲ್ಲ.

ಈ ಮರದ ಮೇಲಿನ ವೈವಿಧ್ಯಕ್ಕೆ ಹಿನ್ನೆಲೆಯಿದೆ. ಫರ್ನ್ ಎಂದರೆ ಡೈನೋಸಾರ್ ಕಾಲದ ಪಳೆಯುಳಿಕೆ ಎಂದು ಹೇಳುವುದು ರೂಢಿ. ವಂಶ ಹಳೆಯದು ನಿಜ. ಆದರೆ ಇಂದಿನ ಫರ್ನ್ ಜಾತಿಗಳಲ್ಲಿ ಸುಮಾರು 80 ಶೇಕಡ ಸೇರುವ ಪಾಲಿಪಾಡ್ ಗುಂಪು ವಿಪುಲವಾಗಿ ಕವಲೊಡೆದದ್ದು ಹೂಬಿಡುವ ಮರಗಳ ಕಾಡು ಹಬ್ಬಿದ ಮೇಲೆ, ಅದರ ನೆರಳಿನಲ್ಲಿ. 2004ರಲ್ಲಿ ವಿಜ್ಞಾನಿಗಳು ಡಿಎನ್‌ಎ ಮತ್ತು ಪಳೆಯುಳಿಕೆ ಎರಡನ್ನೂ ಜೋಡಿಸಿ ಇದನ್ನು ತೋರಿಸಿದರು. 2014ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಮಂದ ಬೆಳಕನ್ನು ಗ್ರಹಿಸಲು ಈ ಫರ್ನ್‌ಗಳು ಬಳಸುವ ನಿಯೋಕ್ರೋಮ್ ಎಂಬ ಪ್ರೋಟೀನಿನ ಜೀನ್ ಅವುಗಳ ಸ್ವಂತದ್ದಲ್ಲ, ಹಾರ್ನ್‌ವರ್ಟ್ ಎಂಬ ಚಿಕ್ಕ ಸಸ್ಯದಿಂದ ಬಂದದ್ದು. ಆ ಹಾರ್ನ್‌ವರ್ಟ್ ನೋಡಬೇಕೆಂದರೆ ಮಳೆಗಾಲದಲ್ಲಿ ಜಿನುಗುವ ಮಣ್ಣಿನ ಬರೆ ಸಾಕು. ಚಪ್ಪಟೆ ಹಸಿರು ಬಿಲ್ಲೆ, ಅದರಿಂದ ನೆಟ್ಟಗೆ ಎದ್ದ ಸೂಜಿಯಂಥ ಕೊಂಬು.

ಅದೇ ಬರೆಯಲ್ಲಿ ಉಗುರಿನ ತುದಿಯಷ್ಟು ಅಗಲದ, ಹೃದಯದಾಕಾರದ ತೆಳು ಹಸಿರು ತುಣುಕು ಸಿಕ್ಕರೆ ಅದು ಫರ್ನಿನದೇ ಇನ್ನೊಂದು ಜನ್ಮ, ಪ್ರೋಥಾಲಸ್. ಬೀಜಕ ಮೊಳೆತು ಮೊದಲು ಆಗುವುದು ಇದೇ. ಗಂಡುಕಣ ನೀರಿನ ಪೊರೆಯಲ್ಲಿ ಈಜಿ ಅಂಡ ಸೇರಿದ ಮೇಲೆ ಇದರ ಮೇಲಿಂದ ಫರ್ನ್ ಗಿಡ ಏಳುತ್ತದೆ. ಇದನ್ನು ಲಿವರ್‌ವರ್ಟ್ ಎಂಬ ಬೇರೊಂದು ಗುಂಪಿನ ಚಪ್ಪಟೆ ಕಿರುಸಸ್ಯವೆಂದು ತಿಳಿದು ಬಿಡುವವರೇ ಹೆಚ್ಚು. ಲೂಪಿನಲ್ಲಿ ಗೊಂದಲವಿಲ್ಲ: ಲಿವರ್‌ವರ್ಟ್‌ಗಳಲ್ಲಿ ಮಾರ್ಕಾಂಶಿಯದಂಥವು ದಪ್ಪ, ಎರಡಾಗಿ ಕವಲೊಡೆಯುತ್ತವೆ, ಮೇಲ್ಮೈ ತುಂಬ ಬಹುಭುಜದ ಮನೆಗಳು, ಪ್ರತಿ ಮನೆಗೊಂದು ಚುಕ್ಕೆ ರಂಧ್ರ. ಪ್ರೋಥಾಲಸ್‌ನಲ್ಲಿ ಮನೆಯೂ ಇಲ್ಲ, ರಂಧ್ರವೂ ಇಲ್ಲ, ಅಂಚು ಬೆಳಕು ತೂರುವಷ್ಟು ತೆಳು.

ಫರ್ನಿನಂತೆಯೇ ಬೀಜಕದಿಂದ ಹುಟ್ಟುವ, ಆದರೆ ಬೇರೆ ಗುಂಪಿನ ಸಸ್ಯಗಳಾದ ಲೈಕೋಫೈಟ್‌ಗಳನ್ನು ಫರ್ನಿನಿಂದ ಬೇರ್ಪಡಿಸುವುದು ಲೂಪಿನ ಇನ್ನೊಂದು ಮುಖ್ಯ ಉಪಯೋಗ. ಹೆಸರಿನ ಮಟ್ಟಿಗೆ ಎರಡನ್ನೂ ಬಹುಕಾಲ ಒಟ್ಟಿಗೆ ‘ಟೆರಿಡೋಫೈಟ್’ ಎಂದೇ ಕಲಿಸಿದರು. ವಂಶದ ಮಟ್ಟಿಗೆ ಅವು 40 ಕೋಟಿ ವರ್ಷಕ್ಕೂ ಹಿಂದೆ ಬೇರೆಯಾದವು, ಫರ್ನಿಗೆ ಹತ್ತಿರದ ನೆಂಟರು ಲೈಕೋಫೈಟ್‌ಗಳಲ್ಲ, ಬೀಜಸಸ್ಯಗಳು. ಅಂದರೆ ಕಾಫಿ ಗಿಡ ಅದರ ಬುಡದ ಸೆಲಾಜಿನೆಲ್ಲ ಎಂಬ ಲೈಕೋಫೈಟ್‌ಗಿಂತ ಫರ್ನಿಗೇ ಹತ್ತಿರ. 2016ರ ಅಂತರರಾಷ್ಟ್ರೀಯ ವರ್ಗೀಕರಣ ಫರ್ನ್‌ಗಳಲ್ಲಿ 10,578 ಜಾತಿ, ಲೈಕೋಫೈಟ್‌ಗಳಲ್ಲಿ 1,338 ಜಾತಿ ಎಂದು ಲೆಕ್ಕ ಹಾಕಿತು. ಗುರುತು ಎಲೆಯ ನರದಲ್ಲಿದೆ: ಲೈಕೋಫೈಟ್‌ನ ಎಲೆ ಪುಟ್ಟದು, ಸಾಮಾನ್ಯವಾಗಿ ಕವಲೊಡೆಯದ ಒಂದೇ ನರ. ಸೆಲಾಜಿನೆಲ್ಲದಲ್ಲಿ ಎಲೆ ನಾಲ್ಕು ಸಾಲು, ಎರಡು ಸಾಲು ದೊಡ್ಡವು ಬದಿಗೆ ಚಾಚಿ, ಎರಡು ಸಾಲು ಚಿಕ್ಕವು ಬೆನ್ನಿಗೆ ಒತ್ತಿಕೊಂಡು. ರೆಂಬೆಯ ತುದಿಯ ಶಂಕುವನ್ನು ಸೂಜಿಯಿಂದ ಬಿಡಿಸಿದರೆ ಕೆಲವು ಕೋಶಗಳಲ್ಲಿ ನಾಲ್ಕು ದಪ್ಪ ಕಾಳು, ಮಿಕ್ಕವುಗಳಲ್ಲಿ ನುಣ್ಣನೆ ಹುಡಿ. ಹೆಣ್ಣು, ಗಂಡು ಬೀಜಕಗಳು ಬೇರೆಬೇರೆ ಗಾತ್ರದವು ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆ ನೋಡಬಹುದಾದ ಕೆಲವೇ ಸಸ್ಯಗಳಲ್ಲಿ ಇದೊಂದು. ತೇವದ ಬರೆಗಳ ಮೇಲೆ ಪುಟ್ಟ ಕ್ರಿಸ್ಮಸ್ ಮರದಂತೆ ನಿಂತು, ರೆಂಬೆತುದಿಗೆ ಬಾಗಿದ ಶಂಕುಗಳನ್ನು ಇಟ್ಟುಕೊಂಡಿರುವುದು ಪಾಲ್‌ಹಿನ್‌ಹೇಯ ಸರ್ನುವಾ, ಹಳೆಯ ಹೆಸರು ಲೈಕೋಪೋಡಿಯಂ ಸರ್ನುವಂ. ಇದೇ ವಂಶದ ಲೆಪಿಡೋಡೆಂಡ್ರಾನ್ ಒಂದು ಕಾಲದಲ್ಲಿ 30 ಮೀಟರ್ ಮೀರಿ ಬೆಳೆದು ಕಲ್ಲಿದ್ದಲಾಯಿತು.

ತೆರ್ಮೆ ತೊಪ್ಪಿನ ವಿಷಯಕ್ಕೆ ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ತೋಡಿನ ಬದಿಯಿಂದ ತಂದು ಪಲ್ಯ ಮಾಡುವ ಸುರುಳಿ ಚಿಗುರು ಡಿಪ್ಲೇಜಿಯಂ ಎಸ್ಕುಲೆಂಟಂನದು. ಬೋಳುಗುಡ್ಡದ ಹುಲ್ಲಿನ ನಡುವೆ ಏಳುವ ಬ್ರಾಕೆನ್ ಫರ್ನಿನ ಚಿಗುರೂ ಸುರುಳಿಯೇ, ಆದರೆ ಅದರಲ್ಲಿ ಟಾಕ್ವಿಲೋಸೈಡ್ ಎಂಬ ಕ್ಯಾನ್ಸರ್‌ಕಾರಕ ವಿಷವಿದೆ. ಅದನ್ನು ಬಹುಕಾಲ ಮೇಯ್ದ ದನಗಳ ಮೂತ್ರದಲ್ಲಿ ರಕ್ತ ಬರುತ್ತದೆ. ಲೂಪಿನಲ್ಲಿ ನೋಡಬೇಕಾದ್ದು ಚಿಗುರಿನ ಬುಡ: ಡಿಪ್ಲೇಜಿಯಂನಲ್ಲಿ ಚಪ್ಪಟೆ ಕಂದು ಹುರುಪೆಗಳು, ಬ್ರಾಕೆನ್‌ನಲ್ಲಿ ಹುರುಪೆಯೇ ಇಲ್ಲ, ಬರೀ ರೋಮ. ಇಷ್ಟಾದರೂ ಲೂಪಿನ ಭರವಸೆಯ ಮೇಲೆ ಮಾತ್ರ ಕಿತ್ತು ತಿನ್ನಬೇಡಿ, ಹುರುಪೆಯಿರುವ ಬೇರೆ ಫರ್ನ್‌ಗಳೂ ಬೇಕಾದಷ್ಟಿವೆ. ವರ್ಷಗಳಿಂದ ಕೀಳುತ್ತಿರುವ ಮನೆಯ ಹಿರಿಯರ ಜೊತೆ ಹೋಗಿ ಗಿಡವನ್ನೂ ಜಾಗವನ್ನೂ ಗುರುತು ಮಾಡಿಕೊಳ್ಳಿ, ತಂದದ್ದನ್ನು ಚೆನ್ನಾಗಿ ಬೇಯಿಸಿ.

ಬೀಜಕಕೋಶ ಸಿಡಿಯುವುದನ್ನು ಲೂಪಿನಲ್ಲೇ ನೋಡಬಹುದು, ಆದರೆ ಹೊರಗೆ ಮಳೆ ಸುರಿಯುವಾಗ ಏನೂ ನಡೆಯದು. ಕೋಶದ ಬೆನ್ನಿನ ಮೇಲೆ, ಹೊರಗೋಡೆ ಬಿಟ್ಟು ಉಳಿದ ಗೋಡೆ ದಪ್ಪಗಿರುವ ಹನ್ನೆರಡು ಹದಿಮೂರು ಜೀವಕೋಶಗಳ ಪಟ್ಟಿಯಿದೆ. ಗಾಳಿ ಒಣಗಿದಾಗ ಅವುಗಳ ನೀರು ಆರಿ, ತೆಳುವಾದ ಹೊರಗೋಡೆ ಒಳಕ್ಕೆ ಜಗ್ಗಿ, ಕೋಶ ಬಾಯಿಬಿಟ್ಟು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ನೀರಿನ ಎಳೆತ ತಡೆಯಲಾರದ ಗಳಿಗೆಯಲ್ಲಿ ಒಳಗೆ ಗುಳ್ಳೆ ಒಡೆದು ಪಟ್ಟಿ ಮುಂದಕ್ಕೆ ಬಡಿಯುತ್ತದೆ, ಬೀಜಕ ಹಾರುತ್ತದೆ. ತೋಟದಿಂದ ಹೊಳೆಯುವ ಕಂದು ಸೋರಸ್ ಇರುವ ಒಂದು ಕಿರುಎಲೆ ತಂದು, ಒರೆಸಿ, ಮೇಜುದೀಪದ ಬೆಚ್ಚನೆ ಬಲ್ಬಿನ ಕೆಳಗಿಟ್ಟು ನಿಮಿಷ ಕಾದು ನೋಡಿ. ಎಲ್‌ಇಡಿ ಬಲ್ಬಿಗೆ ಆ ಶಾಖ ಸಾಲದು, ಹಳೆಯ ತಂತಿಬಲ್ಬೇ ಬೇಕು. ಕೋಶ ಕಾಲು ಮಿಲಿಮೀಟರಿನಷ್ಟು, ಲೂಪಿನಲ್ಲಿ ಸಾಸಿವೆಗಿಂತ ದೊಡ್ಡದಾಗಿ ಕಾಣುತ್ತದೆ. ಒಂದೊಂದರಲ್ಲೂ ಸಾಮಾನ್ಯವಾಗಿ 64 ಬೀಜಕ.

ಕೊಡಗಿನ ತೇವದಲ್ಲಿ ಲೂಪ್ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿಟ್ಟರೆ ಚೀಲಕ್ಕೂ ಬೂಷ್ಟು, ಗಾಜಿಗೂ ಬೂಷ್ಟು. ಬೂಷ್ಟಿನ ಎಳೆ ಮಸೂರಗಳ ಅಂಟಿನ ಅಂಚಿಗೆ ಹೊಕ್ಕರೆ ತೆಗೆಯಲಾಗುವುದಿಲ್ಲ. ಮನೆಗೆ ಬಂದೊಡನೆ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಗೆ, ಅಥವಾ ಕಿತ್ತಳೆಯದು ಹಸಿರಿಗೆ ತಿರುಗಿದರೆ ನೀರು ಕುಡಿದಿದೆ ಎಂದರ್ಥ, ಸಣ್ಣ ಉರಿಯ ಬಾಣಲೆಯಲ್ಲಿ ಬಣ್ಣ ಮರಳುವವರೆಗೆ ಬೆಚ್ಚಗೆ ಮಾಡಿ ಮತ್ತೆ ಬಳಸಿ, ಆ ಬಾಣಲೆ ಅಡುಗೆಗೆ ಬೇಡ. ಅಕ್ಕಿಯಲ್ಲಿ ಹೂಳಬೇಡಿ, ಹೊಟ್ಟಿನ ಧೂಳು ಗಾಜಿಗೆ ಅಂಟುತ್ತದೆ. ಒರೆಸುವ ಮೊದಲು ಮಣ್ಣಿನ ಕಣ ಊದಿ ಅಥವಾ ನೀರಿನಲ್ಲಿ ತೊಳೆದು ತೆಗೆಯಿರಿ, ಹಾಗೆ ಮಾಡದೆ ಒಣದಾಗಿಯೇ ಅಂಗಿಯ ತುದಿಯಲ್ಲಿ ಉಜ್ಜಿದರೆ ಗೀರು ಖಂಡಿತ. ನಡೆಯುವಾಗ ಅಂಗಿಯ ಒಳಜೇಬಿನಲ್ಲಿರಲಿ: ಮೈಯ ಬಿಸಿಗೆ ಗಾಜು ಬೆಚ್ಚಗಿದ್ದರೆ ಉಸಿರಿನ ಮಂಜು ಕಟ್ಟುವುದಿಲ್ಲ. ಕೆಂಪು ಅಥವಾ ಕಿತ್ತಳೆ ದಾರ ಕಟ್ಟಿ ಕೊರಳಿಗೆ ಹಾಕಿ, ತರಗೆಲೆಯಲ್ಲಿ ಬಿದ್ದ ಬೆಳ್ಳಿಬಣ್ಣದ ಲೂಪ್ ಸಿಗುವುದಿಲ್ಲ. ಎಲ್‌ಇಡಿ ಇರುವ ಮಾದರಿ ಈಗಾಗಲೇ ಇದ್ದರೆ ಮಳೆಗಾಲಕ್ಕೆ ಮುಂಚೆ ಗುಂಡಿಬ್ಯಾಟರಿ ಹೊರತೆಗೆದಿಡಿ, ಸೋರಿ ತಗಡು ತುಕ್ಕು ತಿನ್ನುತ್ತದೆ.

ಫೋಟೊ ಬೇಕಾದವರು ಫೋನಿನ ಕ್ಯಾಮೆರಾಗೆ ಲೂಪನ್ನು ಒತ್ತಿ ಹಿಡಿದು, ಎರಡು ಪಟ್ಟು ಜೂಮ್ ಮಾಡಿ, ಎಲೆಯನ್ನೇ ಹಿಂದೆ ಮುಂದೆ ಸರಿಸಿ ತೆಗೆಯಬಹುದು. ಪಕ್ಕದಲ್ಲಿ ಸ್ಕೇಲ್ ಇರಲಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿಧಾಮಗಳಲ್ಲಿ, ನಾಗರಹೊಳೆಯಲ್ಲಿ ಎಲೆ ಕೀಳುವಂತಿಲ್ಲ. ಅಲ್ಲಿ ಗಿಡದ ಬಳಿ ಕುಳಿತು, ಎಲೆ ಬಾಗಿಸಿ ನೋಡಿ, ಫೋಟೊ ತೆಗೆದು ಬಿಡಬೇಕು. ಮರಜರೀ ಸಯಾಥಿಯ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದೆ, ಅದರ ಸಸಿಯನ್ನು ತೋಡಿನಿಂದ ಕಿತ್ತು ತರುವ ಯೋಚನೆ ಬೇಡ.

10ಎಕ್ಸ್ ಲೂಪ್ ನಿಲ್ಲುವುದು ಬೀಜಕದ ಹತ್ತಿರ. 30ರಿಂದ 50 ಮೈಕ್ರಾನಿನ ಆ ಕಣ ಅದರಲ್ಲಿ ಹುಡಿಯ ಚುಕ್ಕೆ ಮಾತ್ರ. ಅಲ್ಲಿಂದ ಮುಂದೆ ಹೋಗಲು ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ 2014ರಲ್ಲಿ ಪರಿಚಯಿಸಿದ ಮಡಚುವ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಒಳ್ಳೆಯ ಜೊತೆ, 140 ಪಟ್ಟು ತೋರಿಸುತ್ತದೆ. ಬಲಿತ ಎಲೆಯನ್ನು ಅಡಿಮೈ ಕೆಳಗಾಗಿ ಬಿಳಿ ಕಾಗದದ ಮೇಲಿಟ್ಟು, ಮೇಲೆ ಇನ್ನೊಂದು ಹಾಳೆ ಮುಚ್ಚಿ, ಫ್ಯಾನ್ ಗಾಳಿ ತಾಗದಲ್ಲಿ ಒಂದೆರಡು ದಿನ ಬಿಡಿ. ಉದುರಿದ ಹುಡಿಯನ್ನು ಪಾರದರ್ಶಕ ಟೇಪಿಗೆ ತುಸುವೇ ಅಂಟಿಸಿ ನೋಡಿ, ಹೆಚ್ಚಾದರೆ ಕಣದ ಮೇಲೆ ಕಣ ಬಿದ್ದು ಏನೂ ಕಾಣದು. ನೆಫ್ರೊಲೆಪಿಸ್‌ನ ಬೀಜಕ ಅವರೆಕಾಳಿನ ಆಕಾರ, ಒಂದೇ ಗೆರೆ. ಟೆರಿಸ್‌ನದು ತ್ರಿಕೋನ, ಮೇಲೆ ಮೂರು ಕವಲಿನ ಗೆರೆ. ತಾಯಿಕೋಶ ನಾಲ್ಕಾಗಿ ಒಡೆದಾಗ ನಾಲ್ಕು ಬೀಜಕಗಳು ಒಂದಕ್ಕೊಂದು ಒತ್ತಿಕೊಂಡಿದ್ದ ಗುರುತು ಅದು. ನೆಲಕ್ಕೆ ಬಂದ ಮೊದಲ ಸಸ್ಯಗಳದೆಂದು ತಿಳಿದಿರುವ ಅತಿ ಹಳೆಯ ಸಾಕ್ಷ್ಯವೂ ಹೀಗೆ ಬೀಜಕಗಳೇ, ಸುಮಾರು 47 ಕೋಟಿ ವರ್ಷ ಹಿಂದಿನ ಬಂಡೆಯಲ್ಲಿ, ಎಷ್ಟೋ ಕಡೆ ನಾಲ್ಕು ನಾಲ್ಕಾಗಿ ಇನ್ನೂ ಅಂಟಿಕೊಂಡು.